ಕೊನೆಯ ಸಾಲನ್ನು ಮೊದಲಿಗೆ ತನ್ನಿ: ಪ್ರಕಟಣೆಗೆ ಸಹಿ ಹಾಕುವ ಅಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ, ಪೊಲೀಸ್ ವರಿಷ್ಠಾಧಿಕಾರಿಗಳೇ, ತಹಶೀಲ್ದಾರರೇ, ನಗರಸಭೆ ಪೌರಾಯುಕ್ತರೇ, ವಿದ್ಯುತ್ ಮತ್ತು ನೀರಾವರಿ ನಿಗಮಗಳ ಎಂಜಿನಿಯರುಗಳೇ,

ನಿಮ್ಮ ಕಚೇರಿಗಳಿಂದ ದಿನವೂ ಹೊರಡುವ ಪತ್ರಿಕಾ ಪ್ರಕಟಣೆಗಳನ್ನು ಓದಿ, ತಿದ್ದಿ, ಪುಟಕ್ಕೆ ಇಳಿಸುವವರು ನಾವು. ಕನ್ನಡ ದಿನಪತ್ರಿಕೆಗಳ ಜಿಲ್ಲಾ ಪುಟಗಳ ಉಪಸಂಪಾದಕರು. ಜಿಲ್ಲಾ ಪುಟದಲ್ಲಿ ಜನ ಕತ್ತರಿಸಿ ಇಟ್ಟುಕೊಳ್ಳುವ ಸುದ್ದಿ ಯಾವುದೆಂದರೆ ನಿಮ್ಮ ಪ್ರಕಟಣೆಯೇ: ಕರೆಂಟ್ ಎಷ್ಟು ಹೊತ್ತಿಗೆ ಹೋಗುತ್ತದೆ, ಬೆಳೆ ವಿಮೆಗೆ ಕಡೆಯ ದಿನ ಯಾವುದು, ನಾಳೆ ಶಾಲೆ ಇದೆಯೋ ಇಲ್ಲವೋ. ಇಷ್ಟು ಬೇಕಾದ ಸುದ್ದಿ ಬೇಕಾದವರಿಗೆ ಅರ್ಥವಾಗದ ಹಾಗೆ, ಅಥವಾ ಅರ್ಥವಾದರೂ ಹೊತ್ತು ಮೀರಿದ ಮೇಲೆ ತಲುಪುತ್ತಿದೆ. ಅದಕ್ಕೇ ಈ ಪತ್ರ. ನಾವು ಕೇಳುವುದು ಒಂದೇ. ಪ್ರಕಟಣೆಯನ್ನು ಇಲಾಖೆಯ ಕಡತಕ್ಕಾಗಿ ಬರೆಸಬೇಡಿ. ಅದನ್ನು ಓದಿ ನಾಳೆ ಬೆಳಿಗ್ಗೆ ಏನಾದರೂ ಮಾಡಬೇಕಾದವರಿಗಾಗಿ ಬರೆಸಿ.

ತೊಡಕು ಎಲ್ಲಿದೆ ಎಂಬುದು ಡೆಸ್ಕ್‌ನಲ್ಲಿ ಕೂತರೆ ಬೇಗ ತಿಳಿಯುತ್ತದೆ. ಹೆಚ್ಚಿನ ಪ್ರಕಟಣೆಗಳನ್ನು ವಿಷಯ ನಿರ್ವಾಹಕರು (ಕಡತ ನೋಡಿಕೊಳ್ಳುವ ಗುಮಾಸ್ತರು) ಮೇಲಿನಿಂದ ಬಂದ ಸುತ್ತೋಲೆಯನ್ನು ಮುಂದಿಟ್ಟುಕೊಂಡು ಸಿದ್ಧಪಡಿಸುತ್ತಾರೆ. ಸುತ್ತೋಲೆಗೆ ತನ್ನದೇ ಕ್ರಮವಿದೆ: ಮೊದಲು ಉಲ್ಲೇಖ, ಆಮೇಲೆ ಯಾವ ಕಾಯ್ದೆ, ಆಮೇಲೆ ಹಿನ್ನೆಲೆ, ಎಲ್ಲ ಮುಗಿದ ಮೇಲೆ ತೀರ್ಮಾನ. ಕಚೇರಿಯ ಟಿಪ್ಪಣಿಗೆ ಅದು ಸರಿ, ಅಲ್ಲಿ ಅಧಿಕಾರ ಎಲ್ಲಿಂದ ಬಂತು ಎಂದು ತೋರಿಸಬೇಕು. ಸುದ್ದಿಯ ಕ್ರಮ ಇದಕ್ಕೆ ಪೂರ್ತಿ ತಿರುಗುಮುರುಗು. ಓದುಗನಿಗೆ ತೀರ್ಮಾನ ಮೊದಲು ಬೇಕು. ಪುಟ ತುಂಬಿದಾಗ ನಾವು ಸುದ್ದಿಯನ್ನು ಕೆಳಗಿನಿಂದ ಕತ್ತರಿಸುತ್ತೇವೆ. ನಿಮ್ಮ ಕೊನೆಯ ದಿನಾಂಕ ಕೊನೆಯ ಪ್ಯಾರಾದಲ್ಲಿದ್ದರೆ ಆತುರದಲ್ಲಿ ಮೊದಲು ಬಿದ್ದುಹೋಗುವುದು ಅದೇ.

ಒಂದು ಮಾದರಿ ನೋಡಿ. ಇದು ಯಾವುದೇ ಒಂದು ಕಚೇರಿಯದಲ್ಲ. ರಾಜ್ಯದ ಎಲ್ಲ ಕಡೆಯಿಂದ ಇದೇ ಅಚ್ಚಿನಲ್ಲಿ ಬರುತ್ತದೆ.

“66/11 ಕೆ.ವಿ. ವಿದ್ಯುತ್ ಉಪಕೇಂದ್ರದಲ್ಲಿ ತ್ರೈಮಾಸಿಕ ನಿರ್ವಹಣಾ ಕಾಮಗಾರಿಯನ್ನು ಹಮ್ಮಿಕೊಂಡಿರುವ ಹಿನ್ನೆಲೆಯಲ್ಲಿ ಸದರಿ ಕೇಂದ್ರದಿಂದ ಹೊರಹೋಗುವ ಎಫ್-3, ಎಫ್-7 ಮತ್ತು ಎಫ್-11 ಫೀಡರ್‌ಗಳ ವ್ಯಾಪ್ತಿಯಲ್ಲಿ ದಿ. 14ರಂದು ಬೆಳಿಗ್ಗೆ 10 ಗಂಟೆಯಿಂದ ಕಾಮಗಾರಿ ಮುಕ್ತಾಯವಾಗುವವರೆಗೆ ವಿದ್ಯುತ್ ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು, ಸಾರ್ವಜನಿಕರು ಸಹಕರಿಸಬೇಕೆಂದು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್‌ರವರು ಪ್ರಕಟಣೆಯಲ್ಲಿ ಕೋರಿರುತ್ತಾರೆ.”

ತನ್ನ ಮನೆ ಯಾವ ಫೀಡರ್‌ನಲ್ಲಿದೆ, ಅಂದರೆ ಉಪಕೇಂದ್ರದಿಂದ ಹೊರಡುವ ಯಾವ ವಿದ್ಯುತ್ ಮಾರ್ಗದಲ್ಲಿದೆ ಎಂದು ಗೊತ್ತಿರುವ ಗ್ರಾಹಕ ಸಿಗುವುದು ಕಷ್ಟ. ‘ದಿ. 14’ ಯಾವ ತಿಂಗಳದು? ‘ಕಾಮಗಾರಿ ಮುಕ್ತಾಯವಾಗುವವರೆಗೆ’ ಎಂದರೆ ಹಿಟ್ಟಿನ ಗಿರಣಿಯವರು ಮಧ್ಯಾಹ್ನ ಬಾಗಿಲು ತೆಗೆಯಬೇಕೋ, ಮನೆಗೆ ಹೋಗಬೇಕೋ? ಮನೆಯಲ್ಲಿ ಆಮ್ಲಜನಕದ ಯಂತ್ರದ ಮೇಲಿರುವ ರೋಗಿಯ ಕಡೆಯವರು ಎಷ್ಟು ಗಂಟೆಯ ಬ್ಯಾಟರಿ ಹೊಂದಿಸಿಕೊಳ್ಳಬೇಕು? ಅದೇ ಸಂಗತಿ ಹೀಗೆ ಬಂದರೆ ಒಂದಕ್ಷರ ತಿದ್ದದೆ ಅಚ್ಚಿಗೆ ಹೋಗುತ್ತದೆ:

“ಪಟ್ಟಣದ ಗಾಂಧಿನಗರ, ಹಳೇ ಬಸ್ ನಿಲ್ದಾಣ, ಕೋಟೆ ಬೀದಿ ಹಾಗೂ ಎಪಿಎಂಸಿ ಸುತ್ತಮುತ್ತ ಶುಕ್ರವಾರ (ನವೆಂಬರ್ 14, 2025) ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ವಿದ್ಯುತ್ ಇರುವುದಿಲ್ಲ. ಉಪಕೇಂದ್ರದಲ್ಲಿ ನಿರ್ವಹಣೆ ಕೆಲಸ ನಡೆಯಲಿದೆ. ಮಾಹಿತಿಗೆ 1912ಕ್ಕೆ ಕರೆ ಮಾಡಬಹುದು.”

ಬಡಾವಣೆಗಳ ಹೆಸರನ್ನು ಜನ ಕರೆಯುವ ಹಾಗೆ ಬರೆಯಿರಿ. ಹಳ್ಳಿಗಳಾದರೆ ತಾಂಡಾ, ಹಟ್ಟಿ, ಕ್ಯಾಂಪ್‌ಗಳ ಹೆಸರೂ ಬೇಕು. ‘ಮತ್ತು ಸುತ್ತಲಿನ ಗ್ರಾಮಗಳು’ ಎಂದರೆ ಯಾರಿಗೂ ಹೇಳಿದಂತಾಗುವುದಿಲ್ಲ. ಮುಗಿಯುವ ಸಮಯ ಖಚಿತವಿಲ್ಲದಿದ್ದರೆ ಅತಿ ತಡ ಎಂದರೆ ಎಷ್ಟು ಹೊತ್ತಾಗಬಹುದೋ ಅದನ್ನೇ ಬರೆಯಿರಿ, ಬೇಗ ಬಂದರೆ ಬೈಯುವವರಿಲ್ಲ. ಇನ್ನೊಂದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ: ಅದೇ ಫೀಡರ್‌ನಲ್ಲಿ ಕುಡಿಯುವ ನೀರಿನ ಜಾಕ್‌ವೆಲ್ (ನೀರೆತ್ತುವ ಪಂಪ್‌ಗಳ ಬಾವಿ) ಇದ್ದರೆ ಮರುದಿನ ನಲ್ಲಿಯಲ್ಲೂ ನೀರು ಬರುವುದಿಲ್ಲ. ಪ್ರಕಟಣೆ ಹೊರಡುವ ಮೊದಲು ನಗರಸಭೆಯ ನೀರು ಸರಬರಾಜು ವಿಭಾಗಕ್ಕೆ ಒಂದು ಕರೆ ಮಾಡಿದರೆ ಎರಡೂ ವಿಷಯ ಒಂದೇ ಸುದ್ದಿಯಲ್ಲಿ ಬರುತ್ತವೆ.

ದಿನಾಂಕದ ಬಗ್ಗೆ ಇಷ್ಟು ಹೇಳಲೇಬೇಕು. ‘ನಾಳೆ’ ಎಂದು ಬರೆಯಬೇಡಿ. ನೀವು ಇಂದು ಬರೆದದ್ದು ನಾಳೆ ಅಚ್ಚಾಗುತ್ತದೆ, ಓದುಗನ ‘ನಾಳೆ’ ನಾಡಿದ್ದು. ವಾರ, ತಾರೀಖು, ತಿಂಗಳು ಮೂರೂ ಇರಲಿ. ವಾರ ಮತ್ತು ತಾರೀಖು ಒಂದಕ್ಕೊಂದು ಹೊಂದದಿದ್ದರೆ ನಮಗೆ ತಪ್ಪು ಕಣ್ಣಿಗೆ ಬೀಳುತ್ತದೆ, ಬರೀ ತಾರೀಖಿದ್ದರೆ ಬೀಳುವುದಿಲ್ಲ. ‘31ರ ರಾತ್ರಿ 12 ಗಂಟೆವರೆಗೆ’ ಎಂಬುದನ್ನು ಅರ್ಧ ಜನ 30ರ ರಾತ್ರಿ ಎಂದು ಓದುತ್ತಾರೆ. 31ರ ರಾತ್ರಿ 11.59 ಎಂದು ಬರೆದರೆ ಗೊಂದಲವಿಲ್ಲ.

ಇನ್ನು ರೈತರಿಗೆ ಸಂಬಂಧಿಸಿದ್ದು. ನಮಗೆ ಅತಿ ಹೆಚ್ಚು ನೋವು ಕೊಡುವ ಪ್ರಕಟಣೆಗಳು ಇವೇ, ಏಕೆಂದರೆ ಇಲ್ಲಿ ಬಿಟ್ಟುಹೋದ ಒಂದು ಸಾಲಿಗೆ ಒಂದು ಹಂಗಾಮಿನ ಹಣ ಹೋಗುತ್ತದೆ. ಬೆಳೆ ವಿಮೆಯ, ಅಂದರೆ ಫಸಲ್ ಬಿಮಾ ಯೋಜನೆಯ ಪ್ರಕಟಣೆಗಳು ಯೋಜನೆಯ ಪೂರ್ತಿ ಹೆಸರು, ಉದ್ದೇಶ, ಮಾರ್ಗಸೂಚಿಯ ಸಂಖ್ಯೆಗಳಿಂದ ತುಂಬಿ, ‘ರೈತರು ಸದುಪಯೋಗ ಪಡೆದುಕೊಳ್ಳಬೇಕು’ ಎಂದು ಮುಗಿಯುತ್ತವೆ. ರೈತನಿಗೆ ಬೇಕಾದ್ದು ಬೇರೆ. ಮುಂಗಾರಿನ ಆಹಾರ ಧಾನ್ಯ, ಎಣ್ಣೆಕಾಳುಗಳಿಗೆ ರೈತ ಕಟ್ಟುವ ಕಂತು ವಿಮಾ ಮೊತ್ತದ ಶೇ 2ನ್ನು ಮೀರುವಂತಿಲ್ಲ. ಹಿಂಗಾರಿಗೆ ಶೇ 1.5, ವಾರ್ಷಿಕ ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಇದನ್ನು ನೀವು ಹೆಕ್ಟೇರ್ ಲೆಕ್ಕದಲ್ಲಿ ಕೊಡುತ್ತೀರಿ. ಪಹಣಿಯಲ್ಲಿರುವುದು ಎಕರೆ, ಗುಂಟೆ. ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ. ಹೆಕ್ಟೇರಿಗೆ 50,000 ರೂಪಾಯಿ ವಿಮಾ ಮೊತ್ತವಿದ್ದರೆ ಶೇ 2ರಂತೆ ಕಂತು 1,000 ರೂಪಾಯಿ. ಎಕರೆಗೆ 405, ಗುಂಟೆಗೆ ಹತ್ತು ರೂಪಾಯಿ. ಈ ಗುಣಾಕಾರವನ್ನು ಕಚೇರಿಯಲ್ಲಿ ಒಬ್ಬರು ಒಂದು ಸಲ ಮಾಡಿದರೆ ಸಾಕು, ಇಲ್ಲವಾದರೆ ಜಿಲ್ಲೆಯ ಒಬ್ಬೊಬ್ಬ ರೈತನೂ ಮಾಡಬೇಕು.

ಬೆಳೆಸಾಲ ಪಡೆದವರಿಗೆ ವಿಮೆ ಈಗ ಕಡ್ಡಾಯವಲ್ಲ. ಆದರೆ ಬೇಡ ಎನ್ನುವವರು ನೋಂದಣಿಯ ಕಡೆಯ ದಿನಕ್ಕಿಂತ 7 ದಿನ ಮೊದಲೇ ಬ್ಯಾಂಕಿಗೆ ಬರೆದುಕೊಡಬೇಕು. ಹಾಗಾದರೆ ಅವರ ಪಾಲಿಗೆ ಕಡೆಯ ದಿನ ಬೇರೆಯೇ. ಪ್ರಕಟಣೆಯಲ್ಲಿ ಒಂದೇ ದಿನಾಂಕವಿದ್ದರೆ ಅದು ಅರ್ಧ ಸುಳ್ಳು. ಆಲಿಕಲ್ಲು ಬಿದ್ದು, ಹೊಲದಲ್ಲಿ ನೀರು ನಿಂತು, ಅಥವಾ ಕಟಾವಾಗಿ ಒಣಗಲು ಬಿಟ್ಟ ಬೆಳೆ ಅಕಾಲಿಕ ಮಳೆಗೆ ಸಿಕ್ಕು ನಷ್ಟವಾದರೆ 72 ಗಂಟೆಯೊಳಗೆ ತಿಳಿಸಬೇಕು. ಈ 72 ಗಂಟೆಯ ನಿಯಮ ಜೂನ್, ಜುಲೈನ ಪ್ರಕಟಣೆಯ ಹತ್ತನೇ ಪ್ಯಾರಾದಲ್ಲಿ ಬಂದುಹೋಗಿರುತ್ತದೆ. ಅದು ಬೇಕಾಗುವುದು ಮಳೆ ಸುರಿದ ಮರುದಿನ. ಹವಾಮಾನ ಇಲಾಖೆಯ ಮುನ್ಸೂಚನೆ ಬಂದ ದಿನವೇ ಐದು ಸಾಲಿನ ಹೊಸ ಪ್ರಕಟಣೆ ಕಳಿಸಿ: 72 ಗಂಟೆ, ನಿಮ್ಮ ಜಿಲ್ಲೆಗೆ ಈ ಹಂಗಾಮಿನಲ್ಲಿ ನಿಗದಿಯಾದ ವಿಮಾ ಕಂಪನಿಯ ಹೆಸರು, ಅದರ ಸಹಾಯವಾಣಿ, ಕರೆ ಮಾಡುವಾಗ ಕೈಯಲ್ಲಿರಬೇಕಾದ ದಾಖಲೆ. ಕಂಪನಿ ಜಿಲ್ಲೆಯಿಂದ ಜಿಲ್ಲೆಗೆ ಬದಲಾಗುವುದರಿಂದ ಹೆಸರನ್ನು ಹೇಳಲೇಬೇಕು.

ಎಲ್ಲ ‘ಅರ್ಜಿ ಆಹ್ವಾನ’ಗಳಿಗೂ ಇದೇ ಮಾತು. ಯಾರು ಅರ್ಹರು, ಎಷ್ಟು ಸಿಗುತ್ತದೆ, ಯಾವ ದಾಖಲೆ, ಎಲ್ಲಿ ಕೊಡಬೇಕು, ಯಾವತ್ತಿನವರೆಗೆ. ಜಾತಿ, ಆದಾಯ ಪ್ರಮಾಣಪತ್ರ ಬೇಕಾದ ಯೋಜನೆಯ ಪ್ರಕಟಣೆ ಕಡೆಯ ದಿನಕ್ಕೆ ಮೂರು ದಿನ ಉಳಿದಾಗ ಬಂದರೆ, ಆ ಪ್ರಮಾಣಪತ್ರ ಕೈಗೆ ಸಿಗುವ ಹೊತ್ತಿಗೆ ಅರ್ಜಿಯ ಕಿಟಕಿ ಮುಚ್ಚಿರುತ್ತದೆ. ಕನಿಷ್ಠ 15 ದಿನ ಮೊದಲು ಒಂದು ಪ್ರಕಟಣೆ, 3 ದಿನ ಮೊದಲು ಎರಡು ಸಾಲಿನ ನೆನಪೋಲೆ. ಎರಡನ್ನೂ ನಾವು ಹಾಕುತ್ತೇವೆ.

ನದಿಗೆ ನೀರು ಬಿಡುವ ಪ್ರಕಟಣೆಗೆ ಬರೋಣ. ‘ಜಲಾಶಯದಿಂದ 1.2 ಲಕ್ಷ ಕ್ಯೂಸೆಕ್ ನೀರು ಬಿಡಲಾಗುತ್ತಿದ್ದು, ನದಿಪಾತ್ರದ ಜನ ಎಚ್ಚರದಿಂದ ಇರಬೇಕು’ ಎಂಬ ಸಾಲು ಎಂಜಿನಿಯರಿಗೆ ಪೂರ್ಣ ವಾಕ್ಯ, ದಂಡೆಯವರಿಗೆ ಏನೂ ಅಲ್ಲ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. 11,574 ಕ್ಯೂಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ ಅಡಿ, ಅಂದರೆ ನೂರು ಕೋಟಿ ಘನ ಅಡಿ. ಈ ಲೆಕ್ಕ ಕೃಷಿ ಪುಟಕ್ಕೆ ಒಳ್ಳೆಯದು. ದಂಡೆಯ ಹಳ್ಳಿಯವರು ನೀರನ್ನು ಅಳೆಯುವುದು ಸೇತುವೆಯಿಂದ, ಮಂಟಪದಿಂದ, ದೇವಸ್ಥಾನದ ಮೆಟ್ಟಿಲಿನಿಂದ. ಕಂಪ್ಲಿ–ಗಂಗಾವತಿ ಸೇತುವೆ ಎಷ್ಟು ಹೊತ್ತಿಗೆ ಮುಳುಗಬಹುದು, ಹಂಪಿಯ ಪುರಂದರ ಮಂಟಪದವರೆಗೆ ನೀರು ಯಾವಾಗ ಬರುತ್ತದೆ, ಚಿಕ್ಕೋಡಿ ತಾಲ್ಲೂಕಿನ ಕಲ್ಲೋಳ–ಯಡೂರ ಸೇತುವೆ ಮೇಲೆ ಸಂಚಾರ ಯಾವಾಗಿನಿಂದ ಬಂದ್, ಬದಲಿ ರಸ್ತೆ ಯಾವುದು, ಕಾಳಜಿ ಕೇಂದ್ರ ಯಾವ ಶಾಲೆಯಲ್ಲಿ, ದನಕರುಗಳಿಗೆ ಎಲ್ಲಿ ಜಾಗ, ಜಿಲ್ಲಾ ವಿಪತ್ತು ಸಹಾಯವಾಣಿ 1077ರ ಜತೆಗೆ ತಾಲ್ಲೂಕಿನ ನಿಯಂತ್ರಣ ಕೊಠಡಿಯ ನಂಬರ್. ಹೊರಹರಿವು ಮುಂದಿನ ಆರು ಗಂಟೆಯಲ್ಲಿ ಎಷ್ಟಕ್ಕೆ ಏರಬಹುದು ಎಂಬುದೂ ಇರಲಿ. ಕೆಆರ್‌ಎಸ್‌ನ ಗರಿಷ್ಠ ಮಟ್ಟವನ್ನು 124.80 ಅಡಿ ಎನ್ನುತ್ತೇವೆ, ಆಲಮಟ್ಟಿಯದನ್ನು 519.60 ಮೀಟರ್ ಎನ್ನುತ್ತೇವೆ. ಒಂದು ತಳದಿಂದ ಅಳೆದದ್ದು, ಇನ್ನೊಂದು ಸಮುದ್ರಮಟ್ಟದಿಂದ. ಆದ್ದರಿಂದ ಮಟ್ಟವನ್ನು ಒಂಟಿಯಾಗಿ ಕೊಡದೆ, ತುಂಬಲು ಎಷ್ಟು ಬಾಕಿ ಎಂದೂ ಹೇಳಿ.

ಅನಾಹುತದ ರಾತ್ರಿ ಮೊದಲ ಪ್ರಕಟಣೆ ಎಷ್ಟು ಬೇಗ ಬರುತ್ತದೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟ್‌ಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಅಂಥ ಹೊತ್ತಿನಲ್ಲಿ ಅಣೆಕಟ್ಟೆಯೇ ಒಡೆಯಿತೇ, ಒಂದು ಗೇಟ್ ಮಾತ್ರವೇ ಎಂಬುದು ಮೊದಲ ಪ್ರಶ್ನೆ. ಅದಕ್ಕೆ ಅಧಿಕೃತ ಉತ್ತರ ಬರುವವರೆಗಿನ ಖಾಲಿ ಜಾಗವನ್ನು ವಾಟ್ಸ್‌ಆ್ಯಪ್‌ನ ಧ್ವನಿಸಂದೇಶಗಳು ತುಂಬುತ್ತವೆ. ಪೂರ್ತಿ ವರದಿ ಸಿದ್ಧವಾಗಲಿ ಎಂದು ಕಾಯಬೇಡಿ. ಗೊತ್ತಿರುವ ನಾಲ್ಕು ಸಾಲು ಮೊದಲು: ಏನಾಯಿತು, ಎಲ್ಲಿ, ಯಾರಿಗೆ ಅಪಾಯ ಇದೆ, ಯಾರಿಗೆ ಇಲ್ಲ. ಕೊನೆಗೆ ‘ಮುಂದಿನ ಮಾಹಿತಿ ರಾತ್ರಿ 2ಕ್ಕೆ’ ಎಂಬ ಸಾಲು, ಮತ್ತು 2ಕ್ಕೆ ಹೊಸದೇನೂ ಇಲ್ಲದಿದ್ದರೂ ‘ಹೊಸದೇನಿಲ್ಲ’ ಎಂಬ ಪ್ರಕಟಣೆ. ಆಧುನಿಕ ಪತ್ರಿಕಾ ಪ್ರಕಟಣೆಯ ಆರಂಭವನ್ನು ಹೆಚ್ಚಿನವರು ಗುರುತಿಸುವುದೇ ಇಂಥ ಒಂದು ಅಪಘಾತದಲ್ಲಿ. 1906ರ ಅಕ್ಟೋಬರ್ 28ರಂದು ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ ಪೆನ್ಸಿಲ್ವೇನಿಯಾ ರೈಲು ಕಂಪನಿಯ ಗಾಡಿ ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತಾಗ, ಕಂಪನಿಯ ಪರವಾಗಿ ಅದರ ಪ್ರಚಾರ ಸಲಹೆಗಾರ ಐವಿ ಲೀ ಮುಚ್ಚಿಡದೆ ಸಂಗತಿಗಳನ್ನು ಬರೆದುಕೊಟ್ಟರು; ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕಿತು.

ಮಳೆಗಾಲದ ಶಾಲಾ ರಜೆಯ ಆದೇಶಕ್ಕೆ ಬೇರೆಯದೇ ತೊಂದರೆ. ಕರಾವಳಿ, ಮಲೆನಾಡು, ಕೊಡಗಿನಲ್ಲಿ ಪ್ರತಿ ವರ್ಷ ಹಳೆಯ ಆದೇಶದ ಚಿತ್ರ ಹೊಸದರಂತೆ ಹರಿದಾಡುತ್ತದೆ. ಕಾರಣ ಸರಳ: ಪಠ್ಯದಲ್ಲಿ ‘ಜುಲೈ 18ರಂದು’ ಎಂದಿರುತ್ತದೆ, ಇಸವಿ ಮೇಲಿನ ಮೂಲೆಯಲ್ಲಿರುತ್ತದೆ, ಯಾರೋ ಆ ಮೂಲೆಯನ್ನು ಕತ್ತರಿಸಿ ಹಂಚುತ್ತಾರೆ. ಮೊದಲ ವಾಕ್ಯದಲ್ಲೇ ವಾರ, ತಾರೀಖು, ಇಸವಿ, ತಾಲ್ಲೂಕುಗಳ ಹೆಸರು ಇದ್ದರೆ ಕತ್ತರಿಸಲು ಆಗುವುದಿಲ್ಲ. ಅಂಗನವಾಡಿಯಿಂದ ಪ್ರೌಢಶಾಲೆವರೆಗೋ, ಪಿಯುವಿಗೂ ಇದೆಯೋ, ಪದವಿ ಕಾಲೇಜಿಗೆ ಇಲ್ಲವೆಂದರೆ ‘ಇಲ್ಲ’ ಎಂದೇ ಬರೆಯಿರಿ. ನಿಗದಿಯಾದ ಪರೀಕ್ಷೆ ನಡೆಯುತ್ತದೆಯೇ ಎಂಬುದನ್ನೂ. ಬೆಳಿಗ್ಗೆ 7ಕ್ಕೆ ಬರುವ ರಜೆಯ ಪ್ರಕಟಣೆ ಬಸ್ಸಿನಲ್ಲಿ ಕೂತ ಮಕ್ಕಳಿಗೆ ಉಪಯೋಗವಿಲ್ಲ. ಹಿಂದಿನ ಸಂಜೆಯ ಮುನ್ಸೂಚನೆ ನೋಡಿ ರಾತ್ರಿ 8ರೊಳಗೆ ನಿರ್ಧರಿಸಿದರೆ ಪತ್ರಿಕೆಯಲ್ಲೂ ಬರುತ್ತದೆ. ಪರೀಕ್ಷಾ ಕೇಂದ್ರಗಳ ಸುತ್ತ ಹೊರಡಿಸುವಂಥ ನಿಷೇಧಾಜ್ಞೆಗೂ ಇದೇ ಖಚಿತತೆ ಬೇಕು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 144 ಈಗಲೂ ಪ್ರಕಟಣೆಗಳಲ್ಲಿ ನುಸುಳುತ್ತದೆ. ಸೆಕ್ಷನ್‌ಗಿಂತ ಮುಖ್ಯ, ಎಷ್ಟು ಮೀಟರ್ ಸುತ್ತಳತೆ, ಎಷ್ಟರಿಂದ ಎಷ್ಟು ಗಂಟೆ, ಜೆರಾಕ್ಸ್ ಅಂಗಡಿ ಮುಚ್ಚಬೇಕೇ ಬೇಡವೇ.

ಪೊಲೀಸ್ ಪ್ರಕಟಣೆ ಬರೆಯುವವರಲ್ಲಿ ಒಂದು ಗಟ್ಟಿಯಾದ ಬೇಡಿಕೆ. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಮಗುವಿನ ಹೆಸರನ್ನಷ್ಟೇ ಅಲ್ಲ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆ, ಗುರುತು ಸಿಗುವ ಯಾವುದೇ ವಿವರವನ್ನು ಮಾಧ್ಯಮದಲ್ಲಿ ಬಯಲು ಮಾಡುವುದನ್ನು ತಡೆಯುತ್ತದೆ. ಅತ್ಯಾಚಾರ ಸಂತ್ರಸ್ತರ ವಿಷಯದಲ್ಲಿ ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಕ್ಕಳ ವಿಷಯದಲ್ಲಿ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಇದೇ ಕೆಲಸ ಮಾಡುತ್ತವೆ. ‘ನೊಂದ ಬಾಲಕಿ’ ಎಂದು ಬರೆದು, ಮುಂದಿನ ಸಾಲಿನಲ್ಲಿ ಆರೋಪಿ ಆಕೆಯ ಚಿಕ್ಕಪ್ಪ ಎಂದೂ, ಆತನ ಹೆಸರು, ಊರು, ಬೀದಿಯನ್ನೂ ಕೊಟ್ಟರೆ ಬಾಲಕಿಯ ಹೆಸರನ್ನು ಕೊಟ್ಟಂತೆಯೇ. ಸಂಬಂಧ ಹೇಳುವುದಿದ್ದರೆ ಆರೋಪಿಯ ಹೆಸರು ಬೇಡ. ತಾಲ್ಲೂಕಿನಷ್ಟಕ್ಕೆ ಊರನ್ನು ನಿಲ್ಲಿಸಿ. ಡೆಸ್ಕ್‌ನಲ್ಲಿ ನಾವು ತೆಗೆದುಹಾಕುತ್ತೇವೆ, ಆದರೆ ಅದೇ ಪಠ್ಯ ಅಷ್ಟರಲ್ಲಿ ನೂರು ಗುಂಪುಗಳಿಗೆ ಹೋಗಿರುತ್ತದೆ. ಆತ್ಮಹತ್ಯೆಯ ಪ್ರಕಟಣೆಯಲ್ಲಿ ವಿಧಾನ, ಚೀಟಿಯ ಒಕ್ಕಣೆ, ‘ಪರೀಕ್ಷೆಯಲ್ಲಿ ಅನುತ್ತೀರ್ಣನಾಗಿದ್ದಕ್ಕೆ’ ಎಂಬ ಒಂದೇ ಕಾರಣ ಬೇಡ. ಟೆಲಿ ಮಾನಸ್ ಸಹಾಯವಾಣಿ 14416 ಇರಲಿ.

ಕಾರ್ಯಕ್ರಮಗಳ ವರದಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ವೇದಿಕೆಯ ಮೇಲಿದ್ದವರ ಪಟ್ಟಿ ಶಿಷ್ಟಾಚಾರಕ್ಕೆ ಬೇಕು, ಗೊತ್ತು. ಅದನ್ನು ಪ್ರತ್ಯೇಕ ಹಾಳೆಯಲ್ಲಿ ಕಳಿಸಿ. ಸಚಿವರ ಭಾಷಣದಲ್ಲಿ ಹೊಸದಾಗಿ ಹೇಳಿದ ಒಂದು ತೀರ್ಮಾನ, ಒಂದು ಮೊತ್ತ, ಒಂದು ಗಡುವು ಇದ್ದರೆ ಅದೇ ಶೀರ್ಷಿಕೆ. ಪ್ರಗತಿಯನ್ನು ಶೇಕಡಾವಾರು ಕೊಡುವಾಗ ಒಟ್ಟು ಎಷ್ಟರಲ್ಲಿ ಎಂಬ ಸಂಖ್ಯೆ ಜತೆಗಿರಲಿ.

ಈಗ ಕಳಿಸುವ ಬಗೆ. ಪಠ್ಯವನ್ನು ಯೂನಿಕೋಡ್‌ನಲ್ಲೇ, ಅಂದರೆ ಎಲ್ಲ ಸಾಧನಗಳಲ್ಲೂ ಒಂದೇ ರೀತಿ ಓದಿಸಿಕೊಳ್ಳುವ ಅಕ್ಷರ ಸಂಕೇತದಲ್ಲೇ ಟೈಪ್ ಮಾಡಿಸಿ. ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲೇ ತುಂಗಾ ಫಾಂಟ್ ಬಂತು. ಆದರೂ ಅರ್ಧಕ್ಕರ್ಧ ಪ್ರಕಟಣೆಗಳು ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರುತ್ತವೆ. ಆ ಫಾಂಟ್‌ಗಳು ಕನ್ನಡದ ಆಕಾರಗಳನ್ನು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿಕೊಂಡಿವೆ. ಫಾಂಟ್ ಇಲ್ಲದ ಮೊಬೈಲ್‌ನಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಸಾಲು. ಪರಿವರ್ತಕಕ್ಕೆ ಹಾಕಿದರೆ ಅರ್ಕಾವೊತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಬೀಳುತ್ತದೆ, ಹೆಸರುಗಳು ಕೆಡುತ್ತವೆ. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ, ಬೆರಳುಗಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಸಹಿ, ಮೊಹರು ಹಾಕಿ ಸ್ಕ್ಯಾನ್ ಮಾಡಿದ ಪ್ರತಿಯನ್ನು ದಾಖಲೆಗೆ ಕಳಿಸಿ, ಬೇಡವೆನ್ನುವುದಿಲ್ಲ. ಆದರೆ ಅದರ ಜತೆಗೆ ಟೈಪ್ ಮಾಡಿದ ಪಠ್ಯ ಇರಲೇಬೇಕು. ಸ್ಕ್ಯಾನ್ ಪ್ರತಿ ಮಾತ್ರ ಬಂದರೆ ಯಾರೋ ಮತ್ತೆ ಟೈಪ್ ಮಾಡಬೇಕು, ಮೊಬೈಲ್ ಸಂಖ್ಯೆಯ ಒಂದು ಅಂಕಿ ತಪ್ಪುವುದು ಆಗಲೇ.

ಉದ್ದ 150ರಿಂದ 250 ಪದ. ಎ4 ಹಾಳೆಯ ಎರಡನೇ ಪುಟಕ್ಕೆ ಹೋದರೆ ಅದು ಎರಡು ಪ್ರಕಟಣೆ ಎಂದು ತಿಳಿದು ಬೇರೆ ಬೇರೆ ಕಳಿಸಿ. ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ಗುಣಮಟ್ಟ ಕುಗ್ಗುವುದಿಲ್ಲ. ಮೂರು ಕಾಲಂ ಅಗಲಕ್ಕೆ ಕನಿಷ್ಠ 1,200 ಪಿಕ್ಸೆಲ್ ಬೇಕು. ಆರು ಚಿತ್ರ ಜೋಡಿಸಿ ಮಾಡಿದ ಕೊಲಾಜ್‌ನಲ್ಲಿ ಒಂದನ್ನೂ ಬಳಸಲಾಗದು. ಎಡದಿಂದ ಬಲಕ್ಕೆ ಯಾರು ಯಾರು ಎಂಬುದು ಚಿತ್ರದ ಜತೆಗೇ ಇರಲಿ.

ತಪ್ಪಾದರೆ ಹಳೆಯ ಸಂದೇಶವನ್ನು ಅಳಿಸಿ ಹೊಸದನ್ನು ಸದ್ದಿಲ್ಲದೆ ಹಾಕಬೇಡಿ. ಮೊದಲನೆಯದನ್ನು ಆಗಲೇ ಪುಟಕ್ಕೆ ಇಳಿಸಿರುತ್ತೇವೆ. ‘ತಿದ್ದುಪಡಿ’ ಎಂದು ಮೇಲೆ ಬರೆದು, ಏನು ಬದಲಾಗಿದೆ ಎಂಬುದನ್ನು ಮೊದಲ ಸಾಲಿನಲ್ಲಿ ಹೇಳಿ, ಮಿಕ್ಕಂತೆ ಪೂರ್ತಿ ಪಠ್ಯವನ್ನು ಮತ್ತೆ ಕೊಡಿ. ಪ್ರತಿ ಪ್ರಕಟಣೆಗೂ ಕ್ರಮಸಂಖ್ಯೆ ಇದ್ದರೆ ‘ಸಂಖ್ಯೆ 212ರ ಬದಲಿಗೆ’ ಎನ್ನುವುದು ಸುಲಭ.

ಹೊತ್ತು. ಬಹುತೇಕ ಕಡೆ ಜಿಲ್ಲಾ ಪುಟಗಳ ಕೆಲಸ ಸಂಜೆ 7ರ ಹೊತ್ತಿಗೆ ಮುಗಿಯುತ್ತ ಬರುತ್ತದೆ. ಮಧ್ಯಾಹ್ನ 3ರೊಳಗೆ ಬಂದ ಪ್ರಕಟಣೆಯನ್ನು ಓದಿ, ಅನುಮಾನ ಬಂದ ಕಡೆ ಕೇಳಿ, ಒಳ್ಳೆಯ ಜಾಗ ಕೊಡಲು ಸಮಯವಿರುತ್ತದೆ. ರಾತ್ರಿ 9ಕ್ಕೆ ಬಂದದ್ದು ಉಳಿದ ಜಾಗಕ್ಕೆ ಬೀಳುತ್ತದೆ, ಇಲ್ಲವೇ ಮರುದಿನಕ್ಕೆ ಹೋಗುತ್ತದೆ. ಮಧ್ಯಾಹ್ನದ ಸಭೆಯ ನಂತರ ಸಹಿಗಾಗಿ ಕಡತ ಕಾಯುವುದೇ ತಡಕ್ಕೆ ದೊಡ್ಡ ಕಾರಣ. ಕರೆಂಟ್, ನೀರು, ಸಂಚಾರ ಬದಲಾವಣೆ, ಆರೋಗ್ಯ ಶಿಬಿರಗಳಂಥ ದಿನನಿತ್ಯದ ಪ್ರಕಟಣೆಗಳಿಗೆ ವಿಭಾಗದ ಮುಖ್ಯಸ್ಥರ ಒಪ್ಪಿಗೆ ಸಾಕು ಎಂದು ನೀವು ಒಂದು ಆದೇಶ ಹೊರಡಿಸಬಹುದು.

ಕೊನೆಯದಾಗಿ ಮೂರು ಕೋರಿಕೆ. ಪ್ರತಿ ಪ್ರಕಟಣೆಯ ಅಡಿಯಲ್ಲಿ, ಪ್ರಕಟಣೆಗಲ್ಲ ಎಂಬ ಟಿಪ್ಪಣಿಯೊಂದಿಗೆ, ವಿಷಯ ಬಲ್ಲ ಒಬ್ಬ ಅಧಿಕಾರಿಯ ಮೊಬೈಲ್ ಸಂಖ್ಯೆ ಇರಲಿ ಮತ್ತು ಅವರು ರಾತ್ರಿ 10ರವರೆಗೆ ಕರೆ ತೆಗೆದುಕೊಳ್ಳಲಿ. ಮುಂದಿನ ಕೆಡಿಪಿ (ಇಲಾಖೆಗಳ ಪ್ರಗತಿ ಪರಿಶೀಲನಾ) ಸಭೆಗೆ ಪ್ರತಿ ಇಲಾಖೆಯೂ ಹಿಂದಿನ ತಿಂಗಳ ತನ್ನ ಪ್ರಕಟಣೆಗಳನ್ನು ತರಲಿ. ಆ ವಿಷಯ ಗೊತ್ತಿಲ್ಲದ ಬೇರೆ ಇಲಾಖೆಯ ಒಬ್ಬರು ಓದಿ, ಯಾರು, ಯಾವಾಗ, ಎಲ್ಲಿಗೆ, ಏನು ತೆಗೆದುಕೊಂಡು ಹೋಗಬೇಕು ಎಂದು ಉತ್ತರಿಸಲಿ. ಉತ್ತರ ಸಿಗದ ಪ್ರಕಟಣೆಯನ್ನು ಅಲ್ಲೇ ತಿದ್ದಿ ಬರೆಸಿ. ಮೂರನೆಯದು, ತಾಲ್ಲೂಕು ಮಟ್ಟದಲ್ಲಿ ವಿಷಯ ನಿರ್ವಾಹಕರಿಗೆ ಅರ್ಧ ದಿನದ ಕಾರ್ಯಾಗಾರ ಏರ್ಪಡಿಸಿ. ಶನಿವಾರವಾದರೆ ಒಳ್ಳೆಯದು. ಕರೆದರೆ ಡೆಸ್ಕ್‌ನವರು ನಾವೇ ಬರುತ್ತೇವೆ, ನಿಮ್ಮ ಪ್ರಕಟಣೆಗಳನ್ನೇ ತೆರೆಯ ಮೇಲೆ ಹಾಕಿ ಒಂದೊಂದು ವಾಕ್ಯ ತಿದ್ದಿ ತೋರಿಸುತ್ತೇವೆ, ಸಂಭಾವನೆ ಬೇಡ.

ಇತಿ,
ಜಿಲ್ಲಾ ಪುಟಗಳ ಉಪಸಂಪಾದಕರು